ಔಷಧದಿಂದ ಬೆಂದ ಮೂತ್ರಕೋಶ ಮತ್ತೆ ಚಿಗುರಬಲ್ಲುದೇ?

ಹೃದಯದ ಬೇನೆಯನ್ನು ಹತ್ತು ಜನರೆದುರು ಹೇಳಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಕಣ್ಣಿನ ಪೊರೆ, ಮೊಣಕಾಲ ನೋವು, ಸಕ್ಕರೆ ಕಾಯಿಲೆಗಳಂತೂ ಮದುವೆಮನೆಯ ಪಂಕ್ತಿಯಲ್ಲಿ ಊಟದೊಡನೆಯೇ ಬಡಿಸಲ್ಪಡುವ ಮಾತುಗಳು. ಆದರೆ ಮೂತ್ರಕ್ಕೆ ಸಂಬಂಧಿಸಿದ ವ್ಯಾಧಿಯೊಂದು ಬಂದಿತೆಂದರೆ ಮನೆಯ ಮಾತು ಪಿಸುಮಾತಾಗುತ್ತದೆ. ತಾಯಿಗೆ ಗೊತ್ತಾದದ್ದು ತಂದೆಗೆ ಗೊತ್ತಾಗುವುದಿಲ್ಲ, ತಂದೆಗೆ ಗೊತ್ತಾದದ್ದು ವೈದ್ಯರವರೆಗೆ ಹೋಗುವುದಿಲ್ಲ. ಈ ಸಂಕೋಚವೇ ಒಂದು ಅಂಗದ ನಾಶಕ್ಕೆ ಕಾರಣವಾಗಬಲ್ಲುದೆಂಬ ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕೆಂಬುದೇ ಈ ಬರೆಹದ ಉದ್ದೇಶ.

ಮೊದಲಿಗೆ ಪದದ ವಿಷಯದಲ್ಲಿ ಒಂದು ಮಾತು. ಮೂತ್ರಕೋಶವೆಂಬ ಶಬ್ದವನ್ನು ಕೆಲವರು ಮೂತ್ರಪಿಂಡಕ್ಕೂ ಬಳಸುವುದುಂಟು. ಇಲ್ಲಿ ಹೇಳುತ್ತಿರುವುದು ಕಿಬ್ಬೊಟ್ಟೆಯಲ್ಲಿದ್ದು ಮೂತ್ರವನ್ನು ತುಂಬಿಟ್ಟುಕೊಳ್ಳುವ ಚೀಲವನ್ನು ಕುರಿತು. ಮೂತ್ರವನ್ನು ಸೋಸಿ ಕೊಡುವ ಪಿಂಡಗಳು ಬೇರೆ. ಈ ಚೀಲವನ್ನು ನಮ್ಮ ಪ್ರಾಚೀನರು ಬಸ್ತಿ ಎಂದರು. ಸುಶ್ರುತಾಚಾರ್ಯರು ಅದನ್ನು ಸದ್ಯಃಪ್ರಾಣಹರ ಮರ್ಮಗಳ ಸಾಲಿನಲ್ಲಿ ಎಣಿಸಿದ್ದಾರೆಂಬುದು ಅದರ ಮಹತ್ವವನ್ನು ತಿಳಿಸುತ್ತದೆ.

ಆರೋಗ್ಯವಂತರ ಮೂತ್ರಕೋಶವು ಸುಮಾರು 400ರಿಂದ 500 ಮಿಲಿಲೀಟರ್ ಮೂತ್ರವನ್ನು ನೋವಿಲ್ಲದೆ ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರವೆಂದರೆ ಶರೀರವು ಬೇಡವೆಂದು ತಳ್ಳಿದ ಲವಣಗಳೂ ವಿಷಗಳೂ ಕರಗಿರುವ ದ್ರವ. ಅಂತಹ ದ್ರವವನ್ನು ಗಂಟೆಗಟ್ಟಲೆ ಹೊತ್ತಿದ್ದರೂ ಚೀಲದ ಮಾಂಸವು ಬೇಯದಿರುವುದಕ್ಕೆ ಅದರ ಒಳಮೈಯ ಪದರವೇ ಕಾರಣ. ಹಳೆಯ ಮನೆಗಳ ನೀರಿನ ತೊಟ್ಟಿಯ ಒಳಗೋಡೆಗೆ ನಯವಾದ ಗಾರೆ ಬಳಿದು ನೀರು ಜಿನುಗದಂತೆ ಮಾಡುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಈ ಪದರವೂ ಅಂತಹುದೇ. ತಳದಲ್ಲಿ ಚಿಕ್ಕ ಜೀವಕೋಶಗಳು, ನಡುವೆ ಮಧ್ಯಮ ಗಾತ್ರದವು, ಮೇಲೆ ಛತ್ರಿಯಂತೆ ಹರಡಿಕೊಂಡ ದೊಡ್ಡ ಕೋಶಗಳು. ಆ ಛತ್ರಿಕೋಶಗಳ ಮೈಮೇಲೆ ಸಕ್ಕರೆಯಂಶವುಳ್ಳ ಲೋಳೆಯಂತಹ ಒಂದು ಲೇಪ. ಗಾರೆ ಬಿರಿದರೆ ಗೋಡೆಗೆ ನೀರಿಳಿಯುವಂತೆ, ಈ ಪದರ ಸುಲಿದುಹೋದರೆ ಮೂತ್ರವು ಒಳಗಿನ ನರಗಳಿಗೂ ಸ್ನಾಯುವಿಗೂ ಇಳಿದು ಉರಿ, ನೋವು, ರಕ್ತಸ್ರಾವಗಳನ್ನು ಉಂಟುಮಾಡುತ್ತದೆ. ಸಾಮಾನ್ಯವಾಗಿ ಇದಕ್ಕೆ ರೋಗಾಣುಗಳು ಕಾರಣ. ಆದರೆ ಕೆಲವೊಮ್ಮೆ ನಾವು ಸೇವಿಸಿದ ಔಷಧವೇ ಇದಕ್ಕೆ ಕಾರಣವಾಗುವುದುಂಟು.

ಅಂತಹ ಔಷಧಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಸೈಕ್ಲೋಫಾಸ್ಫಮೈಡ್. ಜರ್ಮನಿಯ ಆಸ್ಟಾ ಸಂಸ್ಥೆಯಲ್ಲಿ ನಾರ್ಬರ್ಟ್ ಬ್ರಾಕ್ ಮತ್ತು ಸಂಗಡಿಗರು 1950ರ ದಶಕದಲ್ಲಿ ರೂಪಿಸಿದ ಈ ಔಷಧವು ಅನೇಕ ಬಗೆಯ ಅರ್ಬುದ ರೋಗಗಳಲ್ಲಿ, ಲೂಪಸ್ ಎಂಬ ವ್ಯಾಧಿಯು ಮೂತ್ರಪಿಂಡವನ್ನು ಹಿಡಿದಾಗ, ಇಂದಿಗೂ ಜೀವ ಉಳಿಸುತ್ತಿದೆ. ಯಕೃತ್ತಿನಲ್ಲಿ ಅದು ಒಡೆದು ಕೆಲಸಕ್ಕೆ ಬರುವಾಗ ಅಕ್ರೋಲಿನ್ ಎಂಬ ವಸ್ತು ಹುಟ್ಟಿ ಮೂತ್ರದೊಡನೆ ಚೀಲಕ್ಕೆ ಬಂದು ಸೇರುತ್ತದೆ. ಅಕ್ರೋಲಿನ್ ಎಂದರೆ ಏನೋ ಅಪರೂಪದ ವಿಷವೆಂದು ಭಾವಿಸಬೇಕಾಗಿಲ್ಲ. ಬಾಣಲೆಯಲ್ಲಿ ಎಣ್ಣೆ ಹೊತ್ತಿ ಹೊಗೆಯಾಡಿದಾಗ ಕಣ್ಣು ಗಂಟಲುಗಳನ್ನು ಉರಿಸುವ ಘಾಟಿನಲ್ಲಿ ಅದೂ ಇರುತ್ತದೆ. ಅಡುಗೆಮನೆಯಲ್ಲಿ ಕಿಟಕಿ ತೆರೆದರೆ ಹೋಗುತ್ತದೆ, ಮೂತ್ರಕೋಶದಲ್ಲಿ ಕಿಟಕಿಯಿಲ್ಲ. ತತ್ಫಲವಾಗಿ ಒಳಪದರ ಸುಲಿದು ರಕ್ತಮೂತ್ರ ಕಾಣಿಸಿಕೊಳ್ಳುತ್ತದೆ.

ಈ ಅಪಾಯಕ್ಕೆ ಕಾವಲನ್ನು ಕಂಡುಹಿಡಿಯುವುದರಲ್ಲಿಯೂ ಅದೇ ಬ್ರಾಕ್ ಅವರೇ ಮುಂದಾದರೆಂಬುದು ವೈದ್ಯವಿಜ್ಞಾನದ ಇತಿಹಾಸದಲ್ಲಿ ಸ್ಮರಣೀಯ ಸಂಗತಿ. ಮೆಸ್ನಾ ಎಂಬ ಆ ರಕ್ಷಕ ಔಷಧವು ಮೂತ್ರದಲ್ಲಿ ಅಕ್ರೋಲಿನ್ನನ್ನು ಕಟ್ಟಿಹಾಕಿ ನಿರುಪದ್ರವಿಯನ್ನಾಗಿ ಮಾಡುತ್ತದೆ. ಸೈಕ್ಲೋಫಾಸ್ಫಮೈಡನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವಾಗ ಇದನ್ನೂ ಕೊಟ್ಟು, ಸಾಕಷ್ಟು ದ್ರವವನ್ನು ನರಕ್ಕೋ ಬಾಯಿಗೋ ಕೊಟ್ಟು, ಮೂತ್ರವು ಚೀಲದಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು ಇಂದಿನ ಪದ್ಧತಿ. ಮೆಸ್ನಾ ಬರುವ ಹಾನಿಯನ್ನು ತಡೆಯುತ್ತದೆಯೇ ಹೊರತು ಬಂದ ಹಾನಿಯನ್ನು ವಾಸಿಮಾಡದು. ಈ ಚಿಕಿತ್ಸೆಯಲ್ಲಿರುವವರು ಮೂತ್ರ ಕೆಂಪಾದೊಡನೆ ವೈದ್ಯರಿಗೆ ತಿಳಿಸಬೇಕು. ಆದರೆ ಭೀತಿಯಿಂದ ಔಷಧವನ್ನು ತಾವಾಗಿಯೇ ಬಿಡಬಾರದು. ಬಿಟ್ಟರೆ ಮೂತ್ರಕೋಶ ಉಳಿದು ರೋಗಿ ಉಳಿಯದೆ ಹೋಗಬಹುದು.

ಎರಡನೆಯ ಔಷಧದ ಕಥೆ ದೀರ್ಘವಾದುದು, ದುಃಖಕರವಾದುದು. ಕೆಟಮಿನ್ ಎಂಬ ಅರಿವಳಿಕೆ ಮದ್ದನ್ನು ಅಮೆರಿಕದಲ್ಲಿ 1962ರಲ್ಲಿ ತಯಾರಿಸಲಾಯಿತು. 1970ರಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಅನುಮತಿ ದೊರೆಯಿತು. ಉಸಿರಾಟವನ್ನು ಹೆಚ್ಚು ಕುಗ್ಗಿಸದೆ ನೋವನ್ನು ಮರೆಸುವ ಗುಣವುಳ್ಳದ್ದಾದುದರಿಂದ ರಣಭೂಮಿಯಲ್ಲಿ, ಸಲಕರಣೆಗಳಿಲ್ಲದ ಹಳ್ಳಿಯ ಆಸ್ಪತ್ರೆಗಳಲ್ಲಿ, ಪಶುವೈದ್ಯದಲ್ಲಿ ಅದು ಬಹುಕಾಲದಿಂದ ಉಪಕಾರ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯ ಔಷಧಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಶಸ್ತ್ರಚಿಕಿತ್ಸೆಗಾಗಿ ಒಮ್ಮೆ ಅದನ್ನು ಪಡೆದವರು ಈ ಲೇಖನವನ್ನೋದಿ ಅಂಜುವ ಕಾರಣವಿಲ್ಲ. ಅಮಲಿಗಾಗಿ ಅದನ್ನು ಪುಡಿಮಾಡಿ ಮೂಗಿನಲ್ಲಿ ಸೇದುವ ದುರಭ್ಯಾಸವು ಹಾಂಗ್‌ಕಾಂಗ್, ತೈವಾನ್, ಬ್ರಿಟನ್ ಮುಂತಾದೆಡೆಗಳ ಯುವಜನರಲ್ಲಿ ಹರಡಿದುದೇ ಅನರ್ಥದ ಮೂಲ. ನಮ್ಮ ಸರ್ಕಾರವೂ 2011ರಲ್ಲಿ ಅದನ್ನು ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ತಂದಿತು.

2007ರಲ್ಲಿ ಕೆನಡಾದ ಟೊರಾಂಟೊ ನಗರದ ವೈದ್ಯರು ಒಂಬತ್ತು ಮಂದಿ ರೋಗಿಗಳ ವಿಚಿತ್ರ ಸ್ಥಿತಿಯನ್ನು ಪ್ರಕಟಿಸಿದರು. ಎಲ್ಲರೂ ಕೆಟಮಿನ್ ಸೇವಿಸುತ್ತಿದ್ದವರು. ಎಲ್ಲರಿಗೂ ಪದೇಪದೇ ಮೂತ್ರ, ತೀವ್ರ ನೋವು, ರಕ್ತ. ಪರೀಕ್ಷೆಯಲ್ಲಿ ರೋಗಾಣು ಮಾತ್ರ ಇಲ್ಲ. ಮರುವರ್ಷ ಹಾಂಗ್‌ಕಾಂಗಿನ ವೈದ್ಯರು 2000ದಿಂದ 2007ರವರೆಗೆ ತಾವು ಕಂಡ 59 ಮಂದಿಯ ವಿವರಗಳನ್ನು ಹೊರತಂದರು. ದೀಪವುಳ್ಳ ಸಣ್ಣ ನಳಿಕೆಯಿಂದ ಒಳಗೆ ಇಣುಕಿ ನೋಡಿದಾಗ 42 ಮಂದಿಯಲ್ಲಿ ಮೂತ್ರಕೋಶದ ಒಳಮೈ ಉರಿಯೂತದಿಂದ ಕೆಂಪೇರಿದ್ದುದು ಕಂಡುಬಂದಿತು. ಅದಕ್ಕಿಂತಲೂ ಭಯಂಕರವಾದ ಸಂಗತಿಯೆಂದರೆ, 30 ಮಂದಿಯಲ್ಲಿ ಮೂತ್ರ ಹಿಂದಕ್ಕೆ ತುಂಬಿಕೊಂಡು ಒಂದು ಅಥವಾ ಎರಡೂ ಮೂತ್ರಪಿಂಡಗಳು ಊದಿಕೊಂಡಿದ್ದವು. ಅಂದರೆ ವ್ಯಾಧಿ ಚೀಲದಲ್ಲಿ ನಿಲ್ಲದೆ ಪಿಂಡಕ್ಕೆ ಏರಿತ್ತು. ಅರ್ಧ ಲೀಟರ್ ಹಿಡಿಯಬೇಕಾದ ಚೀಲವು ಇಂತಹವರಲ್ಲಿ 100 ಮಿಲಿಲೀಟರಿಗಿಂತಲೂ ಕಿರಿದಾಗಿ, ಗಟ್ಟಿಯಾಗಿ, ತೊಗಲಿನ ಸಂಚಿಯಂತಾಗುತ್ತದೆ. ಕಾಲುಗಂಟೆಗೊಮ್ಮೆ ಏಳಬೇಕಾದ ಮನುಷ್ಯನು ನಿದ್ರಿಸುವುದೆಂತು? ಪಾಠ ಕೇಳುವುದೆಂತು, ಬಸ್ಸಿನಲ್ಲಿ ಕುಳಿತು ಊರಿಗೆ ಬರುವುದೆಂತು?

ಇದರಲ್ಲಿ ಅಡಗಿರುವ ಒಂದು ಕ್ರೂರ ಸುಳಿಯನ್ನು ಹೆತ್ತವರು ತಿಳಿದಿರಬೇಕು. ಕೆಟಮಿನ್ ಮೂಲತಃ ನೋವನ್ನು ಅಡಗಿಸುವ ಮದ್ದು. ಮೂತ್ರಕೋಶ ಬೆಂದು ನೋವಾದಾಗ ಆ ನೋವಿಗೆ ತತ್‌ಕ್ಷಣ ಶಮನ ಕೊಡುವುದೂ ಕೆಟಮಿನ್ನೇ. ಹೀಗಾಗಿ ಅಮಲಿಗಾಗಿ ಆರಂಭಿಸಿದವನು ಕಡೆಗೆ ನೋವಿಗಾಗಿ ಸೇದತೊಡಗುತ್ತಾನೆ. ಸೇದಿದಷ್ಟೂ ಬೇಯುತ್ತದೆ, ಬೆಂದಷ್ಟೂ ಸೇದುತ್ತಾನೆ. ಇಂತಹವನಿಗೆ ಬುದ್ಧಿಯಿಲ್ಲವೆಂದು ಬೈಯುವುದು ಸುಲಭ. ಬೈಗುಳದಿಂದ ಈ ಸುಳಿ ತುಂಡಾಗುವುದಿಲ್ಲ. ನೋವಿಗೆ ಬೇರೆ ಮದ್ದನ್ನೂ ಚಟಕ್ಕೆ ಬೇರೆ ಚಿಕಿತ್ಸೆಯನ್ನೂ ಏಕಕಾಲಕ್ಕೆ ಕೊಡಬೇಕಾಗುತ್ತದೆ. ನಮ್ಮ ಮನೆಗಳ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಲಂಡನ್ನಿಗೂ ಟೊರಾಂಟೊಗೂ ತೆರಳುತ್ತಿರುವ ಕಾಲವಿದು. ಇದು ಪರದೇಶದ ಮಾತೆಂದು ಪುಟ ತಿರುವುವಂತಿಲ್ಲ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಬೆಂದ ಒಳಮೈ ಮತ್ತೆ ಬೆಳೆಯುವುದೇ?

ಬೆಳೆಯುತ್ತದೆ, ಅದು ನಮ್ಮ ಶರೀರಕ್ಕೆ ಹುಟ್ಟಿನೊಡನೆಯೇ ಬಂದ ಶಕ್ತಿ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಮೂತ್ರಕೋಶದ್ದಾದರೋ ಬಹು ಸಾವಧಾನ. ಪೆಟ್ಟಿಲ್ಲದಾಗ ತಿಂಗಳುಗಟ್ಟಲೆ ಹಾಗೆಯೇ ನಿದ್ರಿಸುತ್ತಿರುತ್ತದೆ. ಆದರೆ ಗಾಯವಾದೊಡನೆ ಎಚ್ಚೆತ್ತು ದಿನಗಳಲ್ಲೇ ಮೇಲ್ಮೈಯನ್ನು ಮುಚ್ಚುವ ಕಾರ್ಯಕ್ಕೆ ತೊಡಗುತ್ತದೆ. ಈ ಎಚ್ಚರದ ಮರ್ಮವೇನೆಂಬುದನ್ನು 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಬೀಚಿ ಮತ್ತು ಸಹಸಂಶೋಧಕರು ಇಲಿಗಳಲ್ಲಿ ತೋರಿಸಿದರು. ತಳದ ಚಿಕ್ಕ ಕೋಶಗಳು ಪೆಟ್ಟು ಬಿದ್ದಾಗ ಒಂದು ರಾಸಾಯನಿಕ ಸಂದೇಶವನ್ನು ಕೆಳಗಿನ ಅಂಗಾಂಶಕ್ಕೆ ಕಳುಹಿಸುತ್ತವೆ. ಆ ಅಂಗಾಂಶವು ಮರುಸಂದೇಶ ಕಳುಹಿಸುತ್ತದೆ. ಅದನ್ನು ಪಡೆದು ತಳದ ಕೋಶಗಳು ವೃದ್ಧಿಯಾಗಿ ಮೇಲಿನ ಎಲ್ಲ ಪದರಗಳನ್ನೂ ಮತ್ತೆ ಕಟ್ಟುತ್ತವೆ. ಆ ಮೊದಲ ಸಂದೇಶವಾಹಕಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸೋನಿಕ್ ಹೆಜ್‌ಹಾಗ್. ಅದು ಮಕ್ಕಳ ವಿಡಿಯೊ ಆಟವೊಂದರ ಮುಳ್ಳುಮೈಯ ಪ್ರಾಣಿಯ ಹೆಸರಂತೆ! ಸೂತ್ರ, ಧಾತು, ಪ್ರತ್ಯಯಗಳ ನಡುವೆ ಬೆಳೆದ ನನ್ನಂತಹವರಿಗೆ ಇಂತಹ ನಾಮಕರಣ ನಗು ತರಿಸುತ್ತದೆ. ಕಾರ್ಯವು ಮಾತ್ರ ನಗುವಂತಹುದಲ್ಲ.

ಮೇಲೂ ಕೆಳಗೂ ನಡೆಯುವ ಈ ಸಂವಾದ ಉಳಿದಿರುವವರೆಗೆ ಮೂತ್ರಕೋಶಕ್ಕೆ ಚಿಗುರುವ ಆಸೆಯಿದೆ. ಆದರೆ ವಿಷವು ದಿನದಿನವೂ ಬೀಳುತ್ತಿದ್ದರೆ, ಎದ್ದ ಮೊಳಕೆ ಮೇಲೇಳುವ ಮೊದಲೇ ಸುಟ್ಟುಹೋಗುತ್ತದೆ. ಉರಿಯೂತ ಹಳೆಯದಾದಂತೆ ಕೆಳಗಿನ ಮೆತ್ತನೆಯ ಅಂಗಾಂಶದಲ್ಲಿ ನಾರು ಬೆಳೆದು, ಸ್ನಾಯು ಬಿಗಿದು, ಚೀಲವು ಹಿಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಗಾರೆಯನ್ನು ಹೊಸದಾಗಿ ಬಳಿಯಬಹುದು. ಕುಗ್ಗಿಹೋದ ತೊಟ್ಟಿಯನ್ನು ಹಿಗ್ಗಿಸುವುದು ಬೇರೆಯೇ ಕೆಲಸ. ಪುನರುಜ್ಜೀವನ ಚಿಕಿತ್ಸೆಯೆಂದು ಇಂದು ಕರೆಯಲ್ಪಡುವುದೆಲ್ಲದರ ಬೆಲೆಯನ್ನು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಳೆಯಬೇಕು.

ಕೆಟಮಿನ್ ಸೇವಿಸಿದವರನ್ನು ಅಂತರಜಾಲದ ಮೂಲಕ ಪ್ರಶ್ನಿಸಿದ ಬ್ರಿಟಿಷ್ ಸಂಶೋಧಕರ ವರದಿಯೊಂದು 2012ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ಅದನ್ನು ಬಳಸಿದ್ದ 1285 ಮಂದಿಯಲ್ಲಿ ನೂರಕ್ಕೆ ಸುಮಾರು 27 ಮಂದಿ ಮೂತ್ರಸಂಬಂಧವಾದ ಒಂದಾದರೂ ಲಕ್ಷಣವನ್ನು ಹೇಳಿದರು. ಲಕ್ಷಣಗಳ ಏರಿಳಿತವನ್ನು ತಿಳಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮದ್ದನ್ನು ಬಿಟ್ಟೊಡನೆ ತಮಗೆ ಗುಣ ಕಂಡಿತೆಂದರು. ಇಂಜೆಕ್ಷನ್ ಇಲ್ಲ, ಯಂತ್ರವಿಲ್ಲ, ಬಿಟ್ಟದ್ದೇ ಚಿಕಿತ್ಸೆ. ಉಳಿದ ಅರ್ಧದ ಮಾತೂ ಇದೆಯಲ್ಲ! ಎಲ್ಲರಿಗೂ ಬಿಟ್ಟಮಾತ್ರಕ್ಕೆ ಗುಣವಾಗುವುದಿಲ್ಲ. ಅಂತಹವರಿಗಾಗಿಯೇ ಮುಂದಿನ ಪ್ರಯತ್ನಗಳು.

ಸರಳವಾದದ್ದು ಲೇಪವನ್ನು ಮರಳಿ ಕೊಡುವುದು. ಹಯಾಲುರಾನಿಕ್ ಆಮ್ಲ, ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ದ್ರವ್ಯಗಳು ಮೂತ್ರಕೋಶದ ಸಹಜ ಲೇಪಕ್ಕೆ ಸಮೀಪವಾದವು. ಇವನ್ನು ತೆಳುವಾದ ಕೊಳವೆಯ ಮೂಲಕ ಚೀಲಕ್ಕೆ ತುಂಬಿ, ಕೆಲಕಾಲ ನಿಲ್ಲಿಸಿ, ಹೊರಬಿಡಲಾಗುತ್ತದೆ. ಮೊದಲು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ. ಕೆಲವರಿಗೆ ನೋವು ತಗ್ಗುತ್ತದೆ. ಇದು ತಾತ್ಕಾಲಿಕ ಗಾರೆಯೇ ಹೊರತು ಜೀವಂತ ಪದರವಲ್ಲ. ಅದರ ಮರೆಯಲ್ಲಿ ಜೀವಂತ ಪದರ ಬೆಳೆಯಲಿ ಎಂಬುದು ಆಶಯ. ಬೊಟಾಕ್ಸ್ ಚುಚ್ಚುವುದೂ ಉಂಟು, ಅದು ಸ್ನಾಯುವಿನ ಬಿಗಿತವನ್ನು ಸಡಿಲಿಸುತ್ತದೆ, ಏನನ್ನೂ ಬೆಳೆಸುವುದಿಲ್ಲ.

ತೈವಾನಿನ ಹುಆಲಿಯೆನ್ ನಗರದ ವೈದ್ಯರು ಇನ್ನೊಂದು ದಾರಿ ಹಿಡಿದಿದ್ದಾರೆ. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ಟುಗಳು ಹೆಚ್ಚಾಗಿರುವ ಭಾಗವನ್ನು ಬೇರ್ಪಡಿಸಿ, ಮೂತ್ರಕೋಶದ ಗೋಡೆಗೆ ಹಲವೆಡೆ ಚುಚ್ಚುತ್ತಾರೆ. ಗಾಯವನ್ನು ಮಾಯಿಸುವ ಪೋಷಕಾಂಶಗಳು ಪ್ಲೇಟ್‌ಲೆಟ್ಟಿನಲ್ಲಿ ತುಂಬಿರುವುದೇ ಇದಕ್ಕೆ ಆಧಾರ. ತಿಂಗಳಿಗೊಂದರಂತೆ ನಾಲ್ಕು ಸಲ ಕೊಟ್ಟಾಗ, ಕಾರಣ ತಿಳಿಯದ ದೀರ್ಘಕಾಲದ ಮೂತ್ರಕೋಶದ ನೋವಿನಿಂದ ನರಳುತ್ತಿದ್ದವರಲ್ಲಿ ಅನೇಕರಿಗೆ ಉಪಶಮನವಾಯಿತೆಂದು ಅವರು ಬರೆದಿದ್ದಾರೆ. ರೋಗಿಯದೇ ರಕ್ತವಾದುದರಿಂದ ಅಪಾಯ ಕಡಿಮೆ. ಆದರೆ ಈ ಅನುಭವದ ಬಹುಭಾಗ ಬೇರೊಂದು ವ್ಯಾಧಿಯದು. ಅದನ್ನು ಕೆಟಮಿನ್ ರೋಗಿಗೆ ಹಾಗೆಯೇ ಅನ್ವಯಿಸುವುದು ಅವಸರದ ಮಾತಾದೀತು.

ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವ ಚಿಕಿತ್ಸೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಉತ್ತರ ಯೂರೋಪಿನ ಐದು ಆಸ್ಪತ್ರೆಗಳು ಸೇರಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದರಿಂದ ನಿಜವಾದ ಲಾಭ ಕಂಡಿತು. ಆದರೆ ಆ ರೋಗಿಗಳ ಮೂತ್ರಕೋಶ ಕೆಟ್ಟದ್ದು ಅರ್ಬುದಕ್ಕೆ ಕೊಟ್ಟ ವಿಕಿರಣದಿಂದ, ಔಷಧದಿಂದಲ್ಲ.

ಸ್ಟೆಮ್ ಸೆಲ್ ಎಂಬ ಮಾತನ್ನು ಈಗ ಕೇಳದವರಿಲ್ಲ. ಕನ್ನಡದಲ್ಲಿ ಆಕರಕೋಶವೆಂದು ಬರೆಯುವುದುಂಟು. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳೆಂದು ತಿಳಿದರೆ ಸಾಕು. ದಕ್ಷಿಣ ಕೊರಿಯಾದ ವಿಜ್ಞಾನಿಗಳು ಇಲಿಗಳಿಗೆ ವಾರಗಟ್ಟಲೆ ಕೆಟಮಿನ್ ಕೊಟ್ಟು ಮೂತ್ರಕೋಶವನ್ನು ಕೆಡಿಸಿ, ಆಮೇಲೆ ಮನುಷ್ಯರ ಹೊಕ್ಕುಳಬಳ್ಳಿಯ ರಕ್ತದಿಂದ ಪಡೆದ ಆಕರಕೋಶಗಳನ್ನು ಅದರ ಗೋಡೆಗೆ ಚುಚ್ಚಿದರು. 2016ರಲ್ಲಿ ಪ್ರಕಟವಾದ ಅವರ ಫಲಿತಾಂಶ ಆಶಾದಾಯಕವಾದುದು: ನಾರುಗಟ್ಟುವಿಕೆ ತಗ್ಗಿತು, ಮೂತ್ರಕೋಶದ ಕೆಲಸ ಸುಧಾರಿಸಿತು. ನಾನು ಮೇಲೆ ಹೇಳಿದ ಎರಡನೆಯ ಹಾನಿಯನ್ನು, ಎಂದರೆ ತೊಟ್ಟಿಯೇ ಕುಗ್ಗುವುದನ್ನು, ತಡೆಯುವ ಸೂಚನೆ ಇಲ್ಲಿ ಕಂಡುದರಿಂದ ಈ ಪ್ರಯೋಗಕ್ಕೆ ಬೆಲೆಯಿದೆ. ಆದರೂ ಇಲಿಗೆ ಕೆಲವು ವಾರಗಳ ವಿಷ ಬೇರೆ, ಮನುಷ್ಯನ ಹಲವು ವರ್ಷಗಳ ಚಟ ಬೇರೆ.

ಹಾಗಾದರೆ ಹೊಸ ಮೂತ್ರಕೋಶವನ್ನೇ ಬೆಳೆಸಲಾಗದೇ ಎಂದು ಕೇಳಬಹುದು. ಬೆಳೆಸಿದ್ದಾರೆ! ಅಮೆರಿಕದ ಆಂತೊನಿ ಅಟಾಲಾ ಅವರು, ಹುಟ್ಟಿನಿಂದಲೇ ಬೆನ್ನುಹುರಿಯ ದೋಷವಿದ್ದು ಮೂತ್ರಕೋಶ ಕೆಟ್ಟಿದ್ದ, 4ರಿಂದ 19 ವರ್ಷ ವಯಸ್ಸಿನ ಏಳು ಮಂದಿಯ ಕೋಶಗಳನ್ನೇ ಪ್ರಯೋಗಾಲಯದಲ್ಲಿ ವೃದ್ಧಿಗೊಳಿಸಿ, ಚೀಲದಾಕಾರದ ಕರಗುವ ಅಚ್ಚಿನ ಮೇಲೆ ಬಿತ್ತಿ, ಹಾಗೆ ಬೆಳೆದುದನ್ನು ಅವರಿಗೆ ಹೊಲಿದರು. 2006ರಲ್ಲಿ ಈ ವಾರ್ತೆ ಲೋಕದಲ್ಲೆಲ್ಲ ಹರಡಿತು. ಆಮೇಲೆ ನಡೆದುದು ಅಷ್ಟಾಗಿ ಹರಡಲಿಲ್ಲ. ಅದೇ ತತ್ತ್ವದ ಮೇಲೆ ಹತ್ತು ಮಕ್ಕಳಲ್ಲಿ ನಡೆದ ಮುಂದಿನ ಪರೀಕ್ಷೆಯ ವರದಿ 2014ರಲ್ಲಿ ಬಂದಾಗ, ಮೂತ್ರಕೋಶದ ಹಿಗ್ಗುವ ಗುಣ ನಿರೀಕ್ಷಿಸಿದಂತೆ ಸುಧಾರಿಸಿರಲಿಲ್ಲ, ಗಂಭೀರ ತೊಂದರೆಗಳೂ ಉಂಟಾಗಿದ್ದವು. ಜಯಭೇರಿಯನ್ನು ಮುಖಪುಟದಲ್ಲಿ ಬಾರಿಸಿ ಸೋಲನ್ನು ಒಳಪುಟದಲ್ಲಿಯೂ ಹಾಕದಿರುವುದು ನಮ್ಮ ಕಾಲದ ಪತ್ರಿಕಾಧರ್ಮವಾಗಿದೆ. ಜಾಹೀರಾತುದಾರರು ಬದುಕುವುದು ಈ ಮರೆವಿನ ಮೇಲೆಯೇ.

ಆದುದರಿಂದ ಚೀಲ ಪೂರ್ತಿ ಕುಗ್ಗಿದವರಿಗೆ ಇಂದು ಕೈಗೆಟುಕುವುದು ಹಳೆಯ ಶಸ್ತ್ರಚಿಕಿತ್ಸೆಯೇ. ಸಣ್ಣ ಕರುಳಿನ ಒಂದು ತುಂಡನ್ನು ಕತ್ತರಿಸಿ ಮೂತ್ರಕೋಶಕ್ಕೆ ತೇಪೆಯಾಗಿ ಹೊಲಿದು ದೊಡ್ಡದು ಮಾಡುತ್ತಾರೆ. ನೋವು ಕಳೆದು ಬಾಳು ಮರಳಿದವರಿದ್ದಾರೆ. ಆದರೆ ಕರುಳಿನ ಸ್ವಭಾವ ಹೀರುವುದು. ಅದು ಮೂತ್ರದಿಂದ ಆಮ್ಲವನ್ನು ಹೀರುತ್ತದೆ, ಲೋಳೆ ಸುರಿಸುತ್ತದೆ, ಕಲ್ಲು ಕಟ್ಟುವುದುಂಟು. ಕೆಲವರು ಜೀವನವಿಡೀ ಕೊಳವೆಯಿಂದ ಮೂತ್ರ ತೆಗೆದುಕೊಳ್ಳಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ಅನಂತರ ಮತ್ತೆ ಕೆಟಮಿನ್ ಹಿಡಿದವರ ಮೂತ್ರಪಿಂಡಗಳು ಕುಸಿದುದನ್ನು ಹಾಂಗ್‌ಕಾಂಗಿನ ವೈದ್ಯರು ವರದಿಮಾಡಿದ್ದಾರೆ. ಹಾಗಾಗಿ ಚಟ ಬಿಟ್ಟದ್ದು ಖಚಿತವಾಗದೆ ಕತ್ತಿ ಹಿಡಿಯಲು ಅನುಭವಿ ವೈದ್ಯರು ಒಪ್ಪುವುದಿಲ್ಲ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ರಕ್ತದ ಕೆಲವು ವ್ಯಾಧಿಗಳಿಗೆ ಮಾಡುವ ಆಕರಕೋಶ ಕಸಿಯನ್ನು ಬಿಟ್ಟರೆ ಮಿಕ್ಕೆಲ್ಲ ಆಕರಕೋಶ ಪ್ರಯೋಗಗಳೂ ಅನುಮತಿ ಪಡೆದ ಸಂಶೋಧನೆಯೊಳಗೆ ಮಾತ್ರ ನಡೆಯತಕ್ಕವು. ಹೀಗಿರುವಾಗ ಮೂತ್ರಕೋಶವನ್ನು ಆಕರಕೋಶದಿಂದ ಹೊಸದು ಮಾಡಿಕೊಡುತ್ತೇವೆ, ಇಷ್ಟು ಲಕ್ಷ ತನ್ನಿ ಎನ್ನುವವರು ಎದುರಾದರೆ, ಯಾವ ಸಂಶೋಧನೆಯ ಅನುಮತಿಯ ಮೇಲೆ ಎಂದು ಕೇಳಬೇಕು. ಹೊಲ ಅಡವಿಟ್ಟು ಹಣ ಹೊಂದಿಸುವ ಮೊದಲು ಕೇಳಬೇಕು. ಇನ್ನು ನಮ್ಮ ಹಿತ್ತಿಲ ಪುನರ್ನವ ಎಂಬ ಕೊಮ್ಮೆ ಗಿಡದ ಹೆಸರು ಕೇಳಿಯೇ, ಮತ್ತೆ ಹೊಸದಾಗಿಸುವುದೆಂಬ ಅರ್ಥವಿದೆಯಲ್ಲವೆ ಎಂದು ಕಷಾಯಕ್ಕೆ ಹೊರಡುವವರೂ ಉಂಟು. ಹೆಸರಿನ ನಿರುಕ್ತಿ ಚಿಕಿತ್ಸೆಯಾಗದು. ವೈಯಾಕರಣನಾಗಿಯೂ ನಾನು ಇಷ್ಟನ್ನು ಹೇಳಬಲ್ಲೆ.

ಮನೆಯಲ್ಲಿ ಹರೆಯದ ಮಗನೋ ಮಗಳೋ ಪದೇಪದೇ ಎದ್ದುಹೋಗುತ್ತಿದ್ದರೆ, ಮೂತ್ರದ ಸೋಂಕೆಂದು ಎರಡು ಮೂರು ಸಲ ಮಾತ್ರೆ ನುಂಗಿದರೂ ನಿಲ್ಲದಿದ್ದರೆ, ಪ್ರಯೋಗಾಲಯದ ಪರೀಕ್ಷೆಯಲ್ಲಿ ರೋಗಾಣು ಬೆಳೆಯದಿದ್ದರೆ, ಆ ಮಾತ್ರೆಯನ್ನೇ ನಾಲ್ಕನೆಯ ಸಲ ಕೊಳ್ಳಬಾರದು. ಮೂತ್ರರೋಗತಜ್ಞರನ್ನು ಕಾಣಬೇಕು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಮೂತ್ರಪಿಂಡಗಳು ಊದಿವೆಯೇ ಎಂದು ನೋಡಿಸಬೇಕು, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷಿಸಬೇಕು. ವೈದ್ಯರು ಏನೇನು ಸೇವಿಸುತ್ತೀಯೆ ಎಂದು ಕೇಳುವಾಗ ಹೆತ್ತವರು ಹೊರಗೆ ಕುಳಿತು ಮಗುವಿಗೆ ಒಂಟಿಯಾಗಿ ಮಾತನಾಡಲು ಎಡೆಗೊಡಬೇಕು. ನಮ್ಮ ಮನೆತನದಲ್ಲಿ ಅಂತಹುದೆಲ್ಲ ಇಲ್ಲ ಎಂದು ತಂದೆಯೇ ಮುಂದಾಗಿ ಉತ್ತರಿಸಿದರೆ ಅಲ್ಲಿಗೆ ಆ ಮಗುವಿನ ಬಾಯಿ ಮುಚ್ಚಿತು.

ಹೋಗುವ ಮುನ್ನ ಮೂರು ದಿನ ಒಂದು ಕೆಲಸ ಮಾಡಬಹುದು. ಗುರುತುಗಳಿರುವ ಅಳತೆಯ ಪಾತ್ರೆಯೊಂದನ್ನು ಬಚ್ಚಲಿನಲ್ಲಿಟ್ಟು, ಪ್ರತಿ ಸಲ ಎಷ್ಟು ಮಿಲಿಲೀಟರ್ ಆಯಿತು, ಯಾವ ಹೊತ್ತಿನಲ್ಲಿ, ನೋವಿತ್ತೇ, ಬಣ್ಣ ಹೇಗಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುವುದು. ಮೂತ್ರಕೋಶ ಇನ್ನೂ ಹಿಗ್ಗುತ್ತಿದೆಯೇ, ಇಲ್ಲವೇ ಎಂಬುದರ ಮೊದಲ ಸುಳಿವು ವೈದ್ಯರಿಗೆ ಸಿಗುವುದು ಆ ಹಾಳೆಯಿಂದಲೇ. ಮದ್ದು ಬಿಟ್ಟ ಮೂರು ತಿಂಗಳ ಮೇಲೆ ಮತ್ತೊಂದು ಹಾಳೆ ಬರೆದು ಹೋಲಿಸಿದರೆ, ಒಳಮೈ ಚಿಗುರುತ್ತಿದೆಯೇ ಎಂಬುದು ಮನೆಯವರಿಗೂ ತಿಳಿಯುತ್ತದೆ.